ಪ್ರೋಟೀನ್ ಎಷ್ಟು ಬೇಕು? ಒಂಬತ್ತು ತಿಂಗಳು ತನ್ನ ಮೂತ್ರವನ್ನೇ ಅಳೆದ ಪ್ರೊಫೆಸರ್ ಕಥೆ

ಪ್ರೋಟೀನ್ ಬಗ್ಗೆ ವಾಟ್ಸಾಪ್‌ನಲ್ಲಿ ಸುತ್ತುವ ಫಾರ್ವರ್ಡ್‌ಗಳು ಸಾಮಾನ್ಯವಾಗಿ ಎರಡು ಬಗೆಯವು. ಮೊದಲನೆಯದು ಹೆದರಿಸುತ್ತದೆ: ಅನ್ನ-ಸಾರು ತಿನ್ನುವ ನಮಗೆ ಪ್ರೋಟೀನ್ ಸಾಲುತ್ತಲೇ ಇಲ್ಲ, ದೇಹದ ತೂಕದ ಪ್ರತಿ ಕೆಜಿಗೆ ಎರಡು ಗ್ರಾಂ ತಿನ್ನದಿದ್ದರೆ ಮೈ ಸೊರಗಿ ಹೋಗುತ್ತದೆ, ಹಾಗಾಗಿ ಈ ಡಬ್ಬಿ ಕೊಳ್ಳಿ. ಎರಡನೆಯದೂ ಹೆದರಿಸುತ್ತದೆ, ಆದರೆ ತಿರುಗಾಮುರುಗಾ: ಮೊಟ್ಟೆ, ಬೇಳೆ, ಮಾಂಸ ಸ್ವಲ್ಪ ಜಾಸ್ತಿಯಾದರೂ ಕಿಡ್ನಿ ಹೋಯಿತು ಅಂತಲೇ ಲೆಕ್ಕ. ಇವೆರಡನ್ನೂ ಒಂದೇ ಫ್ಯಾಮಿಲಿ ಗ್ರೂಪಿಗೆ ಒಂದೇ ದಿನ ಕಳಿಸುವವರೂ ಇದ್ದಾರೆ.

ಈ ಜಗಳ ಹೊಸದೇನಲ್ಲ. ವಾಟ್ಸಾಪ್ ಇರಲಿ, ವಿಟಮಿನ್ ಎಂಬ ಹೆಸರೂ ಹುಟ್ಟುವ ಮೊದಲೇ ಯುರೋಪ್ ಮತ್ತು ಅಮೆರಿಕದ ವಿಜ್ಞಾನಿಗಳು ಇದೇ ವಿಷಯಕ್ಕೆ ಕಿತ್ತಾಡುತ್ತಿದ್ದರು. ಅದನ್ನು ಬಗೆಹರಿಸಲು ಹೊರಟವರಲ್ಲಿ ಒಬ್ಬರು ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಸೆಲ್ ಹೆನ್ರಿ ಚಿಟೆಂಡನ್. ಅಮೆರಿಕದಲ್ಲಿ ಜೀವರಸಾಯನಶಾಸ್ತ್ರದ ತಂದೆ ಎಂದು ಅವರನ್ನು ಕರೆಯುವುದುಂಟು. ಅವರ ಬದುಕನ್ನು ಇಲ್ಲಿ ಹೇಳಲು ನಮಗೆ ಕಾರಣವಿದೆ. ಜನ ಎಷ್ಟು ತಿನ್ನುತ್ತಾರೆ ಎಂಬುದು ಒಂದು ಪ್ರಶ್ನೆ, ಜನರಿಗೆ ಎಷ್ಟು ಬೇಕು ಎಂಬುದು ಇನ್ನೊಂದು ಪ್ರಶ್ನೆ. ಇವೆರಡನ್ನೂ ಬೇರೆ ಬೇರೆ ಮಾಡಿ ಪ್ರಯೋಗದಿಂದಲೇ ತೋರಿಸಲು ಹಟ ಹಿಡಿದವರು ಅವರು. ಇವತ್ತಿನ ಎರಡೂ ಫಾರ್ವರ್ಡ್‌ಗಳು ಎಡವುವುದು ಇದೇ ಜಾಗದಲ್ಲಿ.

ಬಿಸಿ ಮಾಡಿದ ಸ್ಕ್ಯಾಲಪ್ ಸಿಹಿಯಾಗಿದ್ದೇಕೆ?

ಚಿಟೆಂಡನ್ ಹುಟ್ಟಿದ್ದು 1856ರ ಫೆಬ್ರುವರಿ 18ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ಯೇಲ್ ಇರುವುದೂ ಅದೇ ಊರಿನಲ್ಲಿ. ಮನೆಯ ಅನುಕೂಲ ಅಷ್ಟಕ್ಕಷ್ಟೇ ಇದ್ದುದರಿಂದ ಓದಿನ ಖರ್ಚಿಗೆ ತಾವೂ ದುಡಿಯಬೇಕಾಗಿತ್ತು. ಯೇಲ್‌ನ ಶೆಫೀಲ್ಡ್ ಸೈಂಟಿಫಿಕ್ ಸ್ಕೂಲ್‌ಗೆ ಸೇರಿದರು. 1874ರಲ್ಲಿ, ಇನ್ನೂ ಪದವಿ ಮುಗಿಯುವ ಮೊದಲೇ, ಅಲ್ಲಿ ಹೊಸದಾಗಿ ತೆರೆದ ಒಂದು ಚಿಕ್ಕ ಪ್ರಯೋಗಶಾಲೆಯನ್ನು ಅವರ ಕೈಗೇ ಒಪ್ಪಿಸಿದರು. ದೇಹದೊಳಗಿನ ರಸಾಯನಕ್ರಿಯೆಗಳನ್ನು ವಿದ್ಯಾರ್ಥಿಗಳಿಗೆ ಕಲಿಸುವ ಜಾಗ ಅದು. ಹದಿನೆಂಟರ ಹುಡುಗ ತನ್ನದೇ ವಯಸ್ಸಿನವರಿಗೆ ಪಾಠ ಹೇಳತೊಡಗಿದ.

ಅವರ ಮೊದಲ ಸಂಶೋಧನೆ ಶುರುವಾದದ್ದು ಊಟದ ತಟ್ಟೆಯಿಂದ. ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಇದೆ, ನಮ್ಮ ಕರಾವಳಿಯವರು ತಿನ್ನುವ ಮರುವಾಯಿಯ ದೂರದ ನಂಟ ಎನ್ನಬಹುದು. ಅದರ ಪದಾರ್ಥ ಮಾಡಿದ ದಿನಕ್ಕಿಂತ, ಉಳಿದದ್ದನ್ನು ಮತ್ತೆ ಬಿಸಿ ಮಾಡಿದಾಗ ಹೆಚ್ಚು ಸಿಹಿಯಾಗಿರುವುದು ಅವರ ಗಮನಕ್ಕೆ ಬಂತು. ಎಲ್ಲರ ಮನೆಯಲ್ಲೂ ಇಂಥವು ಗಮನಕ್ಕೆ ಬರುತ್ತವೆ, ಯಾರೂ ಹಿಂದೆ ಬೀಳುವುದಿಲ್ಲ. ಇವರು ಬಿದ್ದರು. ಸ್ಕ್ಯಾಲಪ್‌ನ ಸ್ನಾಯುವಿನಲ್ಲಿ ಗ್ಲೈಕೋಜನ್ ಮತ್ತು ಗ್ಲೈಸಿನ್ ಎಂಬ ಸಿಹಿರುಚಿಯ ಅಮೈನೋ ಆಮ್ಲ ಇರುವುದನ್ನು ತೋರಿಸಿದರು. ಆ ಬರಹ ಜರ್ಮನಿಯ ಪ್ರಸಿದ್ಧ ರಸಾಯನ ಪತ್ರಿಕೆಯೊಂದರಲ್ಲೂ ಬಂತು.

ಅದರ ಬೆಲೆ ಗೊತ್ತಾದದ್ದು 1878ರಲ್ಲಿ. ಆ ಕಾಲಕ್ಕೆ ಈ ವಿಷಯದಲ್ಲಿ ಹೆಚ್ಚಿಗೆ ಕಲಿಯಬೇಕಿದ್ದವರು ಜರ್ಮನಿಗೇ ಹೋಗಬೇಕಿತ್ತು. ಚಿಟೆಂಡನ್ ಹೈಡೆಲ್‌ಬರ್ಗ್‌ನಲ್ಲಿದ್ದ ವಿಲ್ಲಿ ಕ್ಯೂನೆ ಅವರ ಬಾಗಿಲು ತಟ್ಟಿದರು. ಎಂಜೈಮ್ ಎಂಬ ಪದವನ್ನು ಜಗತ್ತಿಗೆ ಕೊಟ್ಟವರು ಈ ಕ್ಯೂನೆ. ಎದುರಿಗೆ ನಿಂತ ಇಪ್ಪತ್ತೆರಡರ ಅಮೆರಿಕನ್ ಯುವಕನೇ ಆ ಸ್ಕ್ಯಾಲಪ್ ಬರಹದ ಲೇಖಕ ಎಂದು ತಿಳಿದು ಅವರು ಖುಷಿಯಿಂದ ಜಾಗ ಕೊಟ್ಟರು. ಮುಂದೆ ವರ್ಷಗಳ ಕಾಲ ಇಬ್ಬರೂ, ಸಾಗರದ ಆಚೆ ಈಚೆ ಇದ್ದುಕೊಂಡೇ, ಪ್ರೋಟೀನ್ ಜೀರ್ಣವಾಗುವಾಗ ಯಾವ ಯಾವ ತುಣುಕುಗಳಾಗಿ ಒಡೆಯುತ್ತದೆ ಎಂದು ಹುಡುಕಿದರು. 1880ರಲ್ಲಿ ಯೇಲ್‌ನಿಂದ ಪಿಎಚ್‌ಡಿ, 1882ರಲ್ಲಿ ಪ್ರೊಫೆಸರ್ ಹುದ್ದೆ. 1898ರಲ್ಲಿ ಶೆಫೀಲ್ಡ್ ಸ್ಕೂಲ್‌ನ ನಿರ್ದೇಶಕರೂ ಆದರು. ಇಷ್ಟು ಹೊತ್ತಿಗೆ ಅವರದು ಊರಿನ ದೊಡ್ಡ ಮನುಷ್ಯರ ಬದುಕು: ಮೀಟಿಂಗು, ಔತಣ, ಹೊಟ್ಟೆ ತುಂಬ ಮಾಂಸದ ಊಟ. ಜೊತೆಗೆ ಮೊಣಕಾಲು ನೋವು, ಆಗಾಗ ತಲೆನೋವು, ಪಿತ್ತ.

118 ಗ್ರಾಂ ಎಲ್ಲಿಂದ ಬಂತು?

ಆ ಕಾಲದ ಪ್ರೋಟೀನ್ ಲೆಕ್ಕಕ್ಕೆ ಅಧಿಪತಿ ಮ್ಯೂನಿಕ್‌ನ ಕಾರ್ಲ್ ಫೋನ್ ಫೋಯ್ಟ್. ಮಧ್ಯಮ ಶ್ರಮದ ಕೆಲಸ ಮಾಡುವ ಸುಮಾರು 70 ಕೆಜಿಯ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನ್ ಬೇಕು ಎಂಬುದು ಅವರು ಕೊಟ್ಟ ಅಂಕಿ. ಮೊಟ್ಟೆಯ ಲೆಕ್ಕದಲ್ಲಿ ಹೇಳಿದರೆ ಸುಮಾರು 20 ಮೊಟ್ಟೆಯಲ್ಲಿರುವಷ್ಟು. ಅಮೆರಿಕದಲ್ಲಿ ವಿಲ್ಬರ್ ಅಟ್‌ವಾಟರ್ ಅದನ್ನು 125ಕ್ಕೆ ಏರಿಸಿದ್ದರು.

ಇದು ಹೇಗೆ ಬಂತು ಎಂದು ಕೇಳಿದರೆ ಉತ್ತರ ಸ್ವಲ್ಪ ತಮಾಷೆಯಾಗಿದೆ. ಚೆನ್ನಾಗಿ ದುಡಿದು ಗಟ್ಟಿಮುಟ್ಟಾಗಿದ್ದ ಕೆಲಸಗಾರರು ದಿನಕ್ಕೆ ಏನೇನು ತಿನ್ನುತ್ತಾರೆ ಎಂದು ತೂಗಿ, ಅದರ ಆಧಾರದ ಮೇಲೆ ಇಷ್ಟು ಬೇಕು ಎಂದು ನಿಗದಿ ಮಾಡಿದ್ದರು. ತಿನ್ನುತ್ತಿದ್ದಾರೆ, ಆರೋಗ್ಯವಾಗಿದ್ದಾರೆ, ಆದ್ದರಿಂದ ಅಷ್ಟು ಬೇಕು. ಇದೇ ತರ್ಕ ಹಿಡಿದರೆ, ದಿನಕ್ಕೆ ಆರು ಲೋಟ ಕಾಫಿ ಕುಡಿದು ಚೆನ್ನಾಗಿರುವವರನ್ನು ನೋಡಿ ಮನುಷ್ಯನಿಗೆ ಆರು ಲೋಟ ಕಾಫಿ ಅಗತ್ಯ ಎಂದೂ ಹೇಳಬಹುದು.

ಇದರ ಹಿಂದೆ ಇನ್ನೊಂದು ನಂಬಿಕೆಯೂ ಇತ್ತು. ಮೈ ದುಡಿದಾಗ ಸ್ನಾಯುವೇ ಉರಿದು ಶಕ್ತಿ ಕೊಡುತ್ತದೆ, ಆ ಸವೆತವನ್ನು ಪ್ರೋಟೀನ್ ತುಂಬಬೇಕು ಎಂದು 1840ರ ದಶಕದಲ್ಲಿ ಜರ್ಮನಿಯ ಯುಸ್ಟುಸ್ ಲೀಬಿಗ್ ಹೇಳಿದ್ದರು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೆನುಸ್ ಎಂಬ ಇಬ್ಬರು ವಿಜ್ಞಾನಿಗಳು ಪ್ರೋಟೀನ್ ಇಲ್ಲದ ಆಹಾರ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ಹತ್ತಲು ಬೇಕಾದ ಶಕ್ತಿಯ ಬಹುಪಾಲು ಪ್ರೋಟೀನ್‌ನಿಂದ ಬಂದಿರಲು ಸಾಧ್ಯವೇ ಇಲ್ಲ ಎಂದು ತೋರಿಸಿಕೊಟ್ಟರು. ಆದರೆ ವಿಜ್ಞಾನದಲ್ಲಿ ಸತ್ತ ನಂಬಿಕೆ ಅಡುಗೆಮನೆಯಲ್ಲಿ ಬದುಕಿರುತ್ತದೆ. ದುಡಿಯುವವನಿಗೆ ಮಾಂಸ ಎಂಬ ಮಾತು ಹಾಗೇ ಉಳಿಯಿತು. ಇವತ್ತಿನ ಜಿಮ್ ಫಾರ್ವರ್ಡ್‌ಗಳಲ್ಲೂ ಅದರದೇ ನೆರಳಿದೆ.

ಅಗಿಯುವ ಶ್ರೀಮಂತ ಬಂದ

ಚಿಟೆಂಡನ್ ಅವರ ತಲೆಗೆ ಹುಳ ಬಿಟ್ಟವರು ವಿಜ್ಞಾನಿಯಲ್ಲ. ಹೊರೇಸ್ ಫ್ಲೆಚರ್ ಎಂಬ ವ್ಯಾಪಾರಿ. ದುಡ್ಡು ಮಾಡಿ, ಮೈ ಬೆಳೆಸಿಕೊಂಡು, ಆಮೇಲೆ ಪ್ರತಿ ತುತ್ತನ್ನೂ ಬಾಯಲ್ಲೇ ನೀರಾಗುವ ತನಕ ಅಗಿದು ತಿನ್ನುವ ಪದ್ಧತಿ ಹಿಡಿದು ತೂಕ ಇಳಿಸಿದವರು. ಅದನ್ನೇ ಊರೂರಿಗೆ ಸಾರುತ್ತಿದ್ದರು. ಆಗ ಸ್ಮಾರ್ಟ್‌ಫೋನ್ ಇದ್ದಿದ್ದರೆ ಅವರ ರೀಲ್ಸ್ ನಮಗೆಲ್ಲ ಬಂದಿರುತ್ತಿದ್ದವು, ಅದರಲ್ಲಿ ನಮಗೆ ಅನುಮಾನವಿಲ್ಲ.

1902-03ರ ಚಳಿಗಾಲದಲ್ಲಿ ಫ್ಲೆಚರ್ ಯೇಲ್‌ಗೆ ಬಂದರು. ಚಿಟೆಂಡನ್ ಅವರ ಊಟ ಅಳೆದರು. ದಿನಕ್ಕೆ ಬರೀ 45 ಗ್ರಾಂ ಆಸುಪಾಸಿನ ಪ್ರೋಟೀನ್, 1600ರ ಆಸುಪಾಸಿನ ಕ್ಯಾಲೊರಿ. ಐವತ್ತು ದಾಟಿದ ಮನುಷ್ಯ. ಯೇಲ್‌ನ ವ್ಯಾಯಾಮಶಾಲೆಯಲ್ಲಿ ದೋಣಿ ಸ್ಪರ್ಧೆಯ ತಂಡದ ಹುಡುಗರು ಮಾಡುವ ಕಸರತ್ತನ್ನು ಇವರಿಂದ ಮಾಡಿಸಿದರು. ಮಾಡಿದರು, ಮಾರನೆಯ ದಿನ ಮೈಕೈ ನೋವು ಎನ್ನಲೂ ಇಲ್ಲ.

ಇಲ್ಲಿ ಚಿಟೆಂಡನ್ ಮಾಡಿದ್ದು ನಮಗೆ ಬಹಳ ಇಷ್ಟವಾಗುತ್ತದೆ. ಅಗಿಯುವುದರಿಂದಲೇ ಎಲ್ಲ ಆಯಿತು ಎಂದು ಫ್ಲೆಚರ್ ಹೇಳುತ್ತಿದ್ದರು. ಚಿಟೆಂಡನ್ ಅದನ್ನು ನಂಬಿ ಹಂಚಲೂ ಇಲ್ಲ, ನಕ್ಕು ತಳ್ಳಲೂ ಇಲ್ಲ. ಅಗಿಯುವ ಮಾತನ್ನು ಬದಿಗಿಟ್ಟರು. ಇಷ್ಟು ಕಡಿಮೆ ಪ್ರೋಟೀನ್‌ನಲ್ಲಿ ಒಬ್ಬ ಮನುಷ್ಯ ಗಟ್ಟಿಯಾಗಿದ್ದಾನೆ ಎಂದರೆ 118ರ ಅಂಕಿಯಲ್ಲೇ ಏನೋ ಎಡವಟ್ಟಿರಬಹುದು ಎಂಬ ಎಳೆಯನ್ನಷ್ಟೇ ಹಿಡಿದುಕೊಂಡರು. ಒಬ್ಬನ ಉದಾಹರಣೆ ಪುರಾವೆಯಲ್ಲ, ಆದರೆ ಒಳ್ಳೆಯ ಪ್ರಶ್ನೆ ಆಗಬಹುದು.

ಸಸಾರಜನಕ ಎಂಬ ಪದದಲ್ಲೇ ಉತ್ತರವಿದೆ

ದೇಹ ಎಷ್ಟು ಪ್ರೋಟೀನ್ ಬಳಸಿತು ಎಂದು ಹೊರಗಿನಿಂದ ಗೊತ್ತಾಗುವುದು ಹೇಗೆ? ನಮ್ಮ ಕನ್ನಡ ಶಾಲಾ ಪುಸ್ತಕಗಳು ಪ್ರೋಟೀನ್‌ಗೆ ಸಸಾರಜನಕ ಎನ್ನುತ್ತಿದ್ದವು, ನೆನಪಿದೆಯೇ? ಸಾರಜನಕ ಎಂದರೆ ನೈಟ್ರೋಜನ್. ಸಾರಜನಕ ಸಹಿತವಾದದ್ದು ಸಸಾರಜನಕ. ಪಿಷ್ಟದಲ್ಲಿ, ಸಕ್ಕರೆಯಲ್ಲಿ, ಎಣ್ಣೆಯಲ್ಲಿ ನೈಟ್ರೋಜನ್ ಇರುವುದಿಲ್ಲ. ಪ್ರೋಟೀನ್‌ನಲ್ಲಿ ತೂಕದ ಸುಮಾರು 16 ಶೇಕಡಾ ಅದೇ. ದೇಹ ಪ್ರೋಟೀನ್ ಒಡೆದಾಗ ಆ ನೈಟ್ರೋಜನ್‌ನ ಬಹುಪಾಲು ಯೂರಿಯಾ ರೂಪದಲ್ಲಿ ಮೂತ್ರಕ್ಕೆ ಬರುತ್ತದೆ, ಸ್ವಲ್ಪ ಮಲದಲ್ಲಿ ಹೋಗುತ್ತದೆ. ಹಾಗಾಗಿ ಮೂತ್ರದ ನೈಟ್ರೋಜನ್ ಅಳೆದು 6.25ರಿಂದ ಗುಣಿಸಿದರೆ ಒಡೆದ ಪ್ರೋಟೀನ್ ಎಷ್ಟು ಎಂದು ಸಿಗುತ್ತದೆ. ತಿಂದ ಊಟದ ನೈಟ್ರೋಜನ್ ಕೂಡ ಅಳೆದು, ಒಳಗೆ ಹೋದದ್ದು ಮತ್ತು ಹೊರಗೆ ಬಂದದ್ದು ಸಮ ಇದೆಯೇ ನೋಡಬೇಕು. ಸಮ ಇದ್ದರೆ ದೇಹ ತನ್ನ ಬಂಡವಾಳ ಮುಟ್ಟದೆ ನಡೆಯುತ್ತಿದೆ ಎಂದರ್ಥ. ಹೊರಗೆ ಬಂದದ್ದೇ ಜಾಸ್ತಿಯಾದರೆ ಸ್ನಾಯು ಕರಗುತ್ತಿದೆ.

ಕೇಳಲು ಸುಲಭ. ಮಾಡಲು, ಇಡೀ ದಿನದ ಮೂತ್ರವನ್ನು ಒಂದು ತೊಟ್ಟೂ ಚೆಲ್ಲದೆ ಹಿಡಿದಿಡಬೇಕು. ಊರಿಗೆ ಹೋದರೂ, ಔತಣಕ್ಕೆ ಹೋದರೂ ಬಾಟಲಿ ಜೊತೆಗಿರಬೇಕು.

ಚಿಟೆಂಡನ್ ಮೊದಲು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. 1902ರ ನವೆಂಬರ್‌ನಲ್ಲಿ ಅವರ ತೂಕ 65 ಕೆಜಿ. ನಿಧಾನವಾಗಿ ಮಾಂಸ ಕಡಿಮೆ ಮಾಡುತ್ತ ಬಂದರು. ಬೆಳಗಿನ ತಿಂಡಿ ಬಿಟ್ಟು ಒಂದು ಸಣ್ಣ ಕಪ್ ಕಾಫಿಗೆ ನಿಂತರು. ತೂಕ ಸುಮಾರು 57.5 ಕೆಜಿಗೆ ಇಳಿದು ಅಲ್ಲೇ ನಿಂತಿತು. ಆಮೇಲೆ 1903ರ ಅಕ್ಟೋಬರ್‌ನಿಂದ 1904ರ ಜೂನ್ ಕೊನೆಯವರೆಗೆ, ಹತ್ತಿರ ಹತ್ತಿರ ಒಂಬತ್ತು ತಿಂಗಳು, ದಿನವೂ ಮೂತ್ರ ಪರೀಕ್ಷೆ. ದಿನದ ಸರಾಸರಿ ನೈಟ್ರೋಜನ್ 5.7 ಗ್ರಾಂ ಬಂತು. 6.25ರಿಂದ ಗುಣಿಸಿ ನೋಡಿ, ಸುಮಾರು 36 ಗ್ರಾಂ ಪ್ರೋಟೀನ್. ಫೋಯ್ಟ್ ಹೇಳಿದ್ದರ ಮೂರನೇ ಒಂದು ಭಾಗಕ್ಕೂ ಸ್ವಲ್ಪವೇ ಕಡಿಮೆ. ನಡುವೆ ಕೆಲವು ದಿನ ಊಟ, ಮೂತ್ರ, ಮಲ ಎಲ್ಲವನ್ನೂ ಅಳೆದಾಗ ಜಮಾ-ಖರ್ಚು ಸರಿಹೋಗುತ್ತಿತ್ತು. ಮೊಣಕಾಲು ನೋವೂ ತಲೆನೋವೂ ಹೋದವು ಎಂದು ಅವರು ದಾಖಲಿಸಿದರು.

ಮೊಣಕಾಲಿನ ವಿಷಯದಲ್ಲಿ ನಾವು ಅವರ ಮಾತನ್ನು ಹಾಗೇ ಒಪ್ಪುವುದಿಲ್ಲ. ಏಳೂವರೆ ಕೆಜಿ ಇಳಿಸಿದರೆ ಯಾರ ಮೊಣಕಾಲಿಗಾದರೂ ಹಗುರವಾಗುತ್ತದೆ. ಅದರ ಕೀರ್ತಿಯನ್ನು ಪ್ರೋಟೀನ್ ಕಡಿತಕ್ಕೇ ಕೊಡಲು ಆಧಾರವಿಲ್ಲ.

ಹದಿಮೂರು ಸೈನಿಕರು

ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಪ್ರೊಫೆಸರ್‌ಗೆ ಸಾಕಾದದ್ದು ಮೈ ಮುರಿದು ದುಡಿಯುವವರಿಗೆ ಸಾಕೇ ಎಂದು ಯಾರಾದರೂ ಕೇಳುತ್ತಾರೆ. ಅವರಿಗೂ ಅದು ಗೊತ್ತಿತ್ತು. ಮೂರು ಗುಂಪು ಮಾಡಿದರು. ಮೊದಲನೆಯದರಲ್ಲಿ ಅವರೂ ಸೇರಿ ಐವರು ಯೇಲ್ ಅಧ್ಯಾಪಕರು. ಎರಡನೆಯದು ಅಮೆರಿಕದ ಸೇನೆಯ ಆಸ್ಪತ್ರೆ ದಳದ ಸೈನಿಕರದು. ಸೇನೆ 20 ಮಂದಿಯನ್ನು ಕಳಿಸಿತ್ತು, ಕೊನೆಯವರೆಗೆ ಲೆಕ್ಕದಲ್ಲಿ ಉಳಿದವರು 13. ಮೂರನೆಯದು ಯೇಲ್‌ನ ಎಂಟು ಕ್ರೀಡಾಪಟು ವಿದ್ಯಾರ್ಥಿಗಳದು. ಖರ್ಚಿಗೆ ಕಾರ್ನೆಗಿ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಧಿಯ ಜೊತೆಗೆ ಫ್ಲೆಚರ್ ಅವರ ಹಣವೂ ಸೇರಿತ್ತು. ತನ್ನ ಪದ್ಧತಿ ಗೆಲ್ಲಬೇಕೆಂದು ಬಯಸುವವನ ದುಡ್ಡು ಬೆರೆತ ಸಂಶೋಧನೆಯನ್ನು ಇವತ್ತಾದರೆ ನಾವು ಎರಡು ಸಲ ಓದುತ್ತೇವೆ. ಚಿಟೆಂಡನ್ ಅದನ್ನು ಮುಚ್ಚಿಡಲಿಲ್ಲ ಎಂಬುದನ್ನೂ ಹೇಳಬೇಕು.

ಸೈನಿಕರ ಪ್ರಯೋಗ ಆರು ತಿಂಗಳು ನಡೆಯಿತು. ನ್ಯೂ ಹೇವನ್‌ನ ಒಂದು ಮನೆಯಲ್ಲಿ ವಾಸ, ಮೇಲ್ವಿಚಾರಣೆಗೆ ಸೇನೆಯ ವೈದ್ಯ. ಪ್ರತಿಯೊಬ್ಬನ ತಟ್ಟೆಗೆ ಬೀಳುವ ಪ್ರತಿಯೊಂದು ಪದಾರ್ಥವನ್ನೂ ತೂಗಿ ಬಡಿಸುತ್ತಿದ್ದರು. ಮಾಂಸದ ದೊಡ್ಡ ತುಂಡುಗಳ ಜಾಗಕ್ಕೆ ಮುಸುಕಿನ ಜೋಳದ ನುಚ್ಚು, ಹಾಲು, ಆಲೂಗಡ್ಡೆ, ಬ್ರೆಡ್, ಬೆಣ್ಣೆ, ಅನ್ನ, ಸೂಪ್ ಬಂದವು. ಮಾಂಸ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಚಿಟೆಂಡನ್ ಹೆಸರನ್ನು ಸಸ್ಯಾಹಾರದ ಪ್ರಚಾರಕ್ಕೆ ಬಳಸುವವರು ಆಗಲೂ ಇದ್ದರು. ಆದರೆ ಅವರು ಸಸ್ಯಾಹಾರ ಬೋಧಿಸಿದವರಲ್ಲ. ಯಾವ ಪದಾರ್ಥ ಎಂಬುದಕ್ಕಿಂತ ಎಷ್ಟು ಎಂಬುದು ಅವರ ಪ್ರಶ್ನೆಯಾಗಿತ್ತು.

ದಿನವೂ ವ್ಯಾಯಾಮಶಾಲೆಯಲ್ಲಿ ತಾಲೀಮು. ಸೈನಿಕರ ದೇಹ ಬಳಸಿದ್ದು ದಿನಕ್ಕೆ 50 ಗ್ರಾಂ ಆಸುಪಾಸಿನ ಪ್ರೋಟೀನ್, ವಿದ್ಯಾರ್ಥಿಗಳದು 55ರ ಆಸುಪಾಸು. ಯಾರೂ ಕುಸಿಯಲಿಲ್ಲ. ಬಲ ಅಳೆಯುವ ಪರೀಕ್ಷೆಗಳಲ್ಲಿ ಸೈನಿಕರ ಅಂಕ ಬಹುತೇಕ ಇಮ್ಮಡಿಯಾಯಿತು. ಮೊದಲೇ ಪಳಗಿದ್ದ ಕ್ರೀಡಾಪಟುಗಳೂ ಹಿಂದೆ ಬೀಳದೆ ಇನ್ನಷ್ಟು ಸುಧಾರಿಸಿದರು. 1904ರಲ್ಲಿ ಇದೆಲ್ಲ ದಪ್ಪ ಪುಸ್ತಕವಾಗಿ ಹೊರಬಂತು. 70 ಕೆಜಿಯ ಮನುಷ್ಯನಿಗೆ 60 ಗ್ರಾಂ ಪ್ರೋಟೀನ್ ಸಾಕು ಎಂಬುದು ಚಿಟೆಂಡನ್ ತೀರ್ಮಾನ. ಪ್ರತಿ ಕೆಜಿಗೆ ಸುಮಾರು 0.85 ಗ್ರಾಂ.

ಬಿರುಗಾಳಿ, ಮತ್ತು ಕೋಲ್ಕತ್ತದಿಂದ ಬಂದ ಉತ್ತರ

ಪುಸ್ತಕಕ್ಕೆ ಬಂದ ಟೀಕೆಗಳಲ್ಲಿ ಕೆಲವು ಬರೀ ಸಿಟ್ಟು. ಕೆಲವು ಸರಿಯಾದವು, ಅವುಗಳನ್ನು ಕೇಳಿಸಿಕೊಳ್ಳಲೇಬೇಕು.

ಬಲ ಇಮ್ಮಡಿಯಾದದ್ದು ಊಟದಿಂದಲೋ, ಆರು ತಿಂಗಳ ತಾಲೀಮಿನಿಂದಲೋ? ಅಷ್ಟೇ ತಾಲೀಮು ಮಾಡಿ ಹಳೆಯ ಊಟವನ್ನೇ ತಿಂದ ಇನ್ನೊಂದು ಗುಂಪು ಇದ್ದಿದ್ದರೆ ಗೊತ್ತಾಗುತ್ತಿತ್ತು. ಇರಲಿಲ್ಲ. ಕಡಿಮೆ ಪ್ರೋಟೀನ್‌ನಿಂದ ಕೆಡುಕಾಗಲಿಲ್ಲ ಎನ್ನಲು ಈ ಪ್ರಯೋಗ ಸಾಕು. ಅದರಿಂದಲೇ ಬಲ ಬಂತು ಎನ್ನಲು ಸಾಲದು. ಅಲ್ಲದೆ ಕೆಲವು ತಿಂಗಳು ನಡೆದದ್ದು ಹತ್ತಾರು ವರ್ಷ ನಡೆಯುತ್ತದೆಯೇ? ಜ್ವರ, ಗಾಯ, ಕಾಯಿಲೆ ಬಂದಾಗ ಕೈಯಲ್ಲಿ ಸ್ವಲ್ಪ ಉಳಿಕೆ ಬೇಡವೇ? ನಮ್ಮದೊಂದು ಆಕ್ಷೇಪವನ್ನೂ ಸೇರಿಸುತ್ತೇವೆ: ಆ 26 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಮುದುಕರೂ ಇರಲಿಲ್ಲ.

ಅತಿ ಗಟ್ಟಿಯಾದ ವಿರೋಧ ಬಂದದ್ದು ಭಾರತದಿಂದ. ಕಲ್ಕತ್ತಾ ಮೆಡಿಕಲ್ ಕಾಲೇಜಿನ ಶರೀರಕ್ರಿಯಾಶಾಸ್ತ್ರದ ಪ್ರೊಫೆಸರ್ ಡೇವಿಡ್ ಮೆಕೇ ಬಂಗಾಳಿ ವಿದ್ಯಾರ್ಥಿಗಳ ಮೂತ್ರ ಪರೀಕ್ಷಿಸಿದರು, ಜೈಲುಗಳ ಊಟ ಅಳೆದರು. ಚಿಟೆಂಡನ್ ಆರಿಸಿಕೊಂಡು ತಿಂದಷ್ಟೇ ಕಡಿಮೆ ಪ್ರೋಟೀನನ್ನು ಬಂಗಾಳದ ಸಾಮಾನ್ಯ ಜನ ಹುಟ್ಟಿನಿಂದ ತಿನ್ನುತ್ತಿದ್ದಾರೆ ಎಂದು ಅವರಿಗೆ ಕಂಡಿತು. ಹಾಗಾದರೆ ಚಿಟೆಂಡನ್ ಹೇಳುವ ಆರೋಗ್ಯ ಇವರಲ್ಲಿ ಎಲ್ಲಿದೆ ಎಂಬುದು ಮೆಕೇ ವಾದ. 1912ರ ತಮ್ಮ ಪುಸ್ತಕದಲ್ಲಿ ಅವರು ಇನ್ನೂ ಮುಂದೆ ಹೋದರು. ಭಾರತದ ಯಾವ ಜನಾಂಗ ಎಷ್ಟು ಪ್ರೋಟೀನ್ ತಿನ್ನುತ್ತದೆ ಎಂಬುದರಿಂದ ಅವರ ಮೈಕಟ್ಟು, ಧೈರ್ಯ, ಪೌರುಷವನ್ನೆಲ್ಲ ವಿವರಿಸಲು ಹೊರಟರು. ಸಿಖ್ಖರು, ರಜಪೂತರು ಮೇಲೆ, ಬಂಗಾಳಿಗಳು ಕೆಳಗೆ.

ಈ ಎರಡನೆಯ ಭಾಗ ಬ್ರಿಟಿಷ್ ಆಳ್ವಿಕೆಯ ಪೂರ್ವಗ್ರಹಕ್ಕೆ ಲ್ಯಾಬ್ ಕೋಟು ತೊಡಿಸಿದಂತೆ, ಅಷ್ಟೇ. ಮೊದಲ ಭಾಗವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಪ್ರೊಫೆಸರ್ ಕಡಿಮೆ ತಿಂದದ್ದು ಹಾಲು, ಬೆಣ್ಣೆ, ಹಣ್ಣು, ಸ್ವಲ್ಪ ಮಾಂಸ ಎಲ್ಲ ಇರುವ ಮೇಜಿನಿಂದ. ಬಡವ ಕಡಿಮೆ ತಿನ್ನುವುದು ಬರೀ ಅನ್ನದಿಂದ, ಅದೂ ಅರೆಹೊಟ್ಟೆ, ಜೊತೆಗೆ ಮಲೇರಿಯಾ, ಜಂತುಹುಳ. ಹೊಟ್ಟೆಗೆ ಸಾಕಷ್ಟು ಕ್ಯಾಲೊರಿ ಬೀಳದಿದ್ದರೆ ದೇಹ ಪ್ರೋಟೀನನ್ನೇ ಸೌದೆ ಮಾಡಿ ಉರಿಸುತ್ತದೆ. ಆಗ 60 ಗ್ರಾಂ 60 ಗ್ರಾಮಾಗಿ ಉಳಿಯುವುದಿಲ್ಲ. ಹೀಗಾಗಿ ಇಬ್ಬರೂ ಅಳೆದ ಅಂಕಿ ಒಂದೇ ಆದರೂ ಅಳೆದ ಬದುಕು ಬೇರೆ.

1920ರ ದಶಕದಲ್ಲಿ ರಾಬರ್ಟ್ ಮೆಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟ ಕೊಟ್ಟು ನೋಡಿದರು. ಚಪಾತಿ, ಹಾಲು, ಬೇಳೆ, ತರಕಾರಿಯ ಪಂಜಾಬಿನ ಊಟ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಬಿಳಿ ಅಕ್ಕಿಯನ್ನೇ ನೆಚ್ಚಿದ ಊಟದವು ಸೊರಗಿದವು. ಅಲ್ಲಿ ವ್ಯತ್ಯಾಸ ಇದ್ದದ್ದು ಪ್ರೋಟೀನ್‌ನಲ್ಲಿ ಮಾತ್ರವಲ್ಲ, ವಿಟಮಿನ್‌ಗಳಲ್ಲೂ. ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತು ನಮ್ಮ ದೇಶದ ಪೋಷಣೆಯ ಅಂಕಿಗಳನ್ನು ನಿಗದಿ ಮಾಡುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆದದ್ದು.

ಶಿಷ್ಯ ತುಂಬಿದ ಖಾಲಿ ಜಾಗ

ಚಿಟೆಂಡನ್ ಲೆಕ್ಕದಲ್ಲಿ ದೊಡ್ಡ ಖಾಲಿ ಜಾಗ ಒಂದಿತ್ತು. ಗ್ರಾಂ ಎಣಿಸುವಾಗ ಎಲ್ಲ ಪ್ರೋಟೀನೂ ಒಂದೇ ಎಂಬಂತೆ ಎಣಿಸುತ್ತಿದ್ದರು. ಅದನ್ನು ತುಂಬಿದವರು ಅವರದೇ ಶಿಷ್ಯ ಲಾಫಾಯೆಟ್ ಮೆಂಡೆಲ್. ಪ್ರಯೋಗದ ಮೊದಲ ಗುಂಪಿನಲ್ಲಿ ಮೂತ್ರದ ಬಾಟಲಿ ಹಿಡಿದವರಲ್ಲಿ ಇವರೂ ಒಬ್ಬರು. ಅದೇ ಊರಿನ ಕೃಷಿ ಸಂಶೋಧನಾ ಕೇಂದ್ರದ ಥಾಮಸ್ ಆಸ್ಬೋರ್ನ್ ಜೊತೆ ಸೇರಿ ಇವರು 1914ರ ಹೊತ್ತಿಗೆ ತೋರಿಸಿದ್ದು ಇಷ್ಟು: ಮುಸುಕಿನ ಜೋಳದ ಜೀನ್ ಎಂಬ ಪ್ರೋಟೀನನ್ನು ಮಾತ್ರ ಕೊಟ್ಟರೆ ಇಲಿಗಳು ಬೆಳೆಯುವುದಿಲ್ಲ. ಅದರಲ್ಲಿಲ್ಲದ ಟ್ರಿಪ್ಟೊಫಾನ್ ಮತ್ತು ಲೈಸಿನ್ ಎಂಬ ಅಮೈನೋ ಆಮ್ಲಗಳನ್ನು ಸೇರಿಸಿದರೆ ಬೆಳೆಯುತ್ತವೆ. ಅಂದರೆ ಗ್ರಾಂ ಎಷ್ಟು ಎಂಬುದರ ಜೊತೆಗೆ ಯಾವುದರಿಂದ ಎಂಬುದೂ ಮುಖ್ಯ. ಅಕ್ಕಿ, ಗೋಧಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಜಾಸ್ತಿ. ಹುಳಿ ಅನ್ನವೂ ಬಿಸಿಬೇಳೆಬಾತೂ ಇದನ್ನು ತಿಳಿದು ಮಾಡಿದ್ದಲ್ಲ, ಆದರೆ ಲೆಕ್ಕ ಸರಿಹೋಗಿದೆ.

ಗುರುಗಳು ಅಷ್ಟರಲ್ಲಿ ಬೇರೆ ಜವಾಬ್ದಾರಿಗಳಲ್ಲಿದ್ದರು. ಅಮೆರಿಕದ ಜೀವರಸಾಯನ ವಿಜ್ಞಾನಿಗಳ ಸಂಘ 1906ರ ಕೊನೆಗೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ಆಹಾರದಲ್ಲಿ ಬಳಸುವ ಸೋಡಿಯಂ ಬೆಂಜೊಯೇಟ್ ಸುರಕ್ಷಿತವೇ ಎಂದು ಪರೀಕ್ಷಿಸಿದ ಸರ್ಕಾರಿ ಮಂಡಳಿಯಲ್ಲೂ ಇದ್ದರು. 1918ರಲ್ಲಿ ಮೊದಲ ಮಹಾಯುದ್ಧ ನಡೆದಿರುವಾಗಲೇ ಸಹವಿಜ್ಞಾನಿ ಗ್ರಹಾಂ ಲಸ್ಕ್ ಜೊತೆ ಯುರೋಪಿಗೆ ಹೋದರು. ಮಿತ್ರರಾಷ್ಟ್ರಗಳ ಆಹಾರ ಆಯೋಗ ಅದು, ಕೋಟ್ಯಂತರ ಜನರ ರೇಷನ್ ಎಷ್ಟಿರಬೇಕು ಎಂದು ಹೇಳಬೇಕಾಗಿತ್ತು. ಆಯೋಗ ಮಾಂಸಕ್ಕೆ ಕನಿಷ್ಠ ಪ್ರಮಾಣ ನಿಗದಿ ಮಾಡಲು ಹೋಗಲಿಲ್ಲ. ಹಾಲು, ಗಿಣ್ಣು, ಮೊಟ್ಟೆ, ಧಾನ್ಯ-ಕಾಳುಗಳ ಪ್ರೋಟೀನ್ ಆ ಜಾಗ ತುಂಬಬಲ್ಲದು, ಹಾಗಾಗಿ ಮಾಂಸವೇ ಆಗಬೇಕೆಂಬ ಶಾರೀರಿಕ ಅಗತ್ಯವಿಲ್ಲ ಎಂದು ನಿರ್ಧರಿಸಿತು. ಹದಿನಾಲ್ಕು ವರ್ಷಗಳ ಹಿಂದೆ ಹೀಗೆ ಹೇಳಿದ್ದಕ್ಕೇ ಚಿಟೆಂಡನ್ ಬೈಗುಳ ತಿಂದಿದ್ದರು.

1922ರಲ್ಲಿ ನಿವೃತ್ತಿ. ಆಮೇಲೆ ತಮ್ಮ ಸ್ಕೂಲಿನ ಇತಿಹಾಸ, ತಮ್ಮ ವಿಷಯದ ಇತಿಹಾಸ ಬರೆದರು. 1943ರ ಡಿಸೆಂಬರ್ 26ರಂದು ನ್ಯೂ ಹೇವನ್‌ನಲ್ಲೇ ತೀರಿಕೊಂಡರು. ವಯಸ್ಸು 87. ಕಡಿಮೆ ತಿಂದದ್ದರಿಂದಲೇ ಅಷ್ಟು ಬದುಕಿದರು ಎಂದು ಯಾರಾದರೂ ಫಾರ್ವರ್ಡ್ ಮಾಡುವ ಮೊದಲು ಹೇಳಿಬಿಡುತ್ತೇವೆ: ಅದೇ ದಾರಿ ಹಿಡಿದ ಫ್ಲೆಚರ್ 1919ರಲ್ಲಿ, 69ನೇ ವಯಸ್ಸಿಗೇ ಹೋದರು.

ಅದೇ 1943ರಲ್ಲಿ ಅಮೆರಿಕ ತನ್ನ ಮೊದಲ ಅಧಿಕೃತ ಪೋಷಕಾಂಶ ಪಟ್ಟಿಯನ್ನು ಪುಸ್ತಕವಾಗಿ ಪ್ರಕಟಿಸಿತ್ತು. ಅದರಲ್ಲಿ 70 ಕೆಜಿಯ ಗಂಡಸಿಗೆ ಇದ್ದದ್ದು 70 ಗ್ರಾಂ ಪ್ರೋಟೀನ್. 118 ಅಲ್ಲ.

ಈಗ ಅಂಕಿ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಮತ್ತು ಭಾರತದ ಐಸಿಎಂಆರ್ 2020ರಲ್ಲಿ ಕೊಟ್ಟ ಶಿಫಾರಸು ಎರಡೂ ವಯಸ್ಕರಿಗೆ ಹೇಳುವುದು ಪ್ರತಿ ಕೆಜಿಗೆ 0.83 ಗ್ರಾಂ. ಚಿಟೆಂಡನ್ ಹೇಳಿದ 0.85ರ ಪಕ್ಕದಲ್ಲೇ ಇದೆ. ಆದರೆ ಅರ್ಥದಲ್ಲಿ ಒಂದು ವ್ಯತ್ಯಾಸವಿದೆ. ಸರಾಸರಿ ಮನುಷ್ಯನಿಗೆ 0.66 ಗ್ರಾಂ ಸಾಕು. ಕೆಲವರಿಗೆ ಹೆಚ್ಚು ಬೇಕಾಗುತ್ತದೆ, ಬಹುತೇಕ ಎಲ್ಲರಿಗೂ ಸಾಲಲಿ ಎಂದು ಮೇಲೆ ಸ್ವಲ್ಪ ಸೇರಿಸಿದಾಗ 0.83 ಆಗುತ್ತದೆ. ಇದು ಆರೋಗ್ಯವಂತರಿಗೆ, ಹೊಟ್ಟೆ ತುಂಬ ತಿನ್ನುವವರಿಗೆ, ಪ್ರೋಟೀನ್‌ನ ಗುಣಮಟ್ಟ ಚೆನ್ನಾಗಿದ್ದಾಗ. ಬರೀ ಧಾನ್ಯವನ್ನೇ ನೆಚ್ಚಿದ ಊಟವಾದರೆ ಕೆಜಿಗೆ 1 ಗ್ರಾಂ ಹತ್ತಿರ ಇಟ್ಟುಕೊಳ್ಳಬೇಕು. ಗರ್ಭಿಣಿಯರಿಗೆ, ಎದೆಹಾಲು ಕುಡಿಸುವವರಿಗೆ ಹೆಚ್ಚು. ಕಠಿಣ ತಾಲೀಮು ಮಾಡುವವರಿಗೆ ಹೆಚ್ಚು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಎಂದು ಹಲವು ತಜ್ಞರು ಹೇಳುತ್ತಾರೆ, ಯಾಕೆಂದರೆ ಮುಪ್ಪಿನಲ್ಲಿ ಸ್ನಾಯು ಬೇಗ ಕರಗುತ್ತದೆ.

ಕಿಡ್ನಿಯ ಮಾತು. ಹೆಚ್ಚು ಪ್ರೋಟೀನ್ ಎಲ್ಲರ ಮೂತ್ರಪಿಂಡಕ್ಕೂ ಹೊರೆ ಎಂದು ಚಿಟೆಂಡನ್ ಬಲವಾಗಿ ನಂಬಿದ್ದರು. ಆರೋಗ್ಯವಂತ ಕಿಡ್ನಿಯವರ ವಿಷಯದಲ್ಲಿ ಆ ಭಯಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಕಿಡ್ನಿ ಕಾಯಿಲೆ ಈಗಾಗಲೇ ಇರುವವರು ಮಾತ್ರ ಫಾರ್ವರ್ಡ್ ನೋಡಿ ಹೆಚ್ಚಿಸಲೂ ಬಾರದು, ಕಡಿಮೆ ಮಾಡಲೂ ಬಾರದು. ಡಯಾಲಿಸಿಸ್‌ಗೆ ಮುಂಚೆ ಒಂದು ಲೆಕ್ಕ, ಶುರುವಾದ ಮೇಲೆ ಇನ್ನೊಂದು ಲೆಕ್ಕ. ಅದನ್ನು ಅವರ ವೈದ್ಯರೇ ಹೇಳಬೇಕು.

ಇನ್ನು ತಟ್ಟೆಯ ಲೆಕ್ಕ. 55 ಕೆಜಿಯ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ. ಅಕ್ಕಿ, ರಾಗಿ ಎರಡೂ ಸೇರಿ ಬೇಯಿಸುವ ಮೊದಲಿನ ತೂಕ 250 ಗ್ರಾಂ ಆದರೆ ಅದರಿಂದಲೇ 19 ಗ್ರಾಂ ಹತ್ತಿರ ಬರುತ್ತದೆ. ತೊಗರಿಬೇಳೆ, ಹುರುಳಿ, ಅಲಸಂದೆ ಯಾವುದಾದರೂ 60 ಗ್ರಾಂ ಆದರೆ 13. ಹಾಲು-ಮೊಸರು ಸೇರಿ 400 ಮಿಲಿ ಆದರೆ ಇನ್ನೊಂದು 13. ಒಟ್ಟು 45. ಒಂದು ಮೊಟ್ಟೆ ಸೇರಿದರೆ 51. ಯಾವ ಡಬ್ಬಿಯೂ ಬೇಕಾಗಲಿಲ್ಲ.

ಈಗ ಅದೇ ಮನೆಯ ಇನ್ನೊಂದು ತಟ್ಟೆ ನೋಡಿ. ಎಲ್ಲರ ಊಟ ಮುಗಿದ ಮೇಲೆ ಕೂತ ಅಮ್ಮನದು, ಅಥವಾ ಹಲ್ಲಿಲ್ಲದೆ ಗಂಜಿ-ತಿಳಿಸಾರಿಗೆ ನಿಂತ ಅಜ್ಜಿಯದು. 250 ಗ್ರಾಂ ಅಕ್ಕಿ, ಸಾರಿನಲ್ಲಿ ತಳಕ್ಕೆ ಕೂತ 20 ಗ್ರಾಂ ಬೇಳೆ, ಕಾಫಿಗೆ ಬಿದ್ದ 100 ಮಿಲಿ ಹಾಲು. 20, 4, 3. ಒಟ್ಟು 27 ಗ್ರಾಂ. ಚಿಟೆಂಡನ್ ತಾವಾಗಿ ಆರಿಸಿಕೊಂಡ 36ಕ್ಕಿಂತಲೂ ಕಡಿಮೆ. ಈ ತಟ್ಟೆಗೆ ಇನ್ನೊಂದು ಸೌಟು ಗಟ್ಟಿ ಬೇಳೆ, ಒಂದು ಲೋಟ ಮಜ್ಜಿಗೆಯ ಬದಲು ಒಂದು ಬಟ್ಟಲು ಮೊಸರು, ತಿನ್ನುವವರಾದರೆ ಮೆತ್ತಗೆ ಬೇಯಿಸಿದ ಒಂದು ಮೊಟ್ಟೆ ಹಾಕಿ ಮತ್ತೆ ಕೂಡಿ ನೋಡಬಹುದು.